ಒಂದು ಫ್ಯಾಬ್ರಿಕ್ ನೆಟ್‌ವರ್ಕ್, ಮೂರು ಕ್ಲೌಡ್: ಆರ್ಡರರ್‌ಗಳನ್ನು ಎಲ್ಲೆಲ್ಲಿ ಇಡಬೇಕು?

ಹೊಸಗಂಟು:
ನಮಸ್ಕಾರ ಎಲ್ಲರಿಗೂ. ನಮ್ಮದು ಐದು ಸಂಸ್ಥೆಗಳ ಒಕ್ಕೂಟ. ಸರಕು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಸ್ಥಿತಿಯಲ್ಲಿ ಹೋಯಿತು ಅನ್ನುವ ದಾಖಲೆಯನ್ನು ಐದೂ ಕಡೆಯವರು ಸೇರಿ ಇಟ್ಟುಕೊಳ್ಳುವ ಏರ್ಪಾಡು. ಹೈಪರ್‌ಲೆಡ್ಜರ್ ಫ್ಯಾಬ್ರಿಕ್ 2.5 (ಇಂಥ ಒಕ್ಕೂಟಗಳು ಬಳಸುವ ಬ್ಲಾಕ್‌ಚೈನ್ ತಂತ್ರಾಂಶ) ಮೇಲೆ ಕಟ್ಟಿದ್ದೇವೆ. ಪ್ರಯೋಗದ ಹಂತದಲ್ಲಿ ಪೀರ್ (ಆಯಾ ಸಂಸ್ಥೆಯ ದಾಖಲೆಯ ಪ್ರತಿ ಇಡುವ ಸರ್ವರ್), ಆರ್ಡರರ್ (ವಹಿವಾಟುಗಳನ್ನು ಸಾಲಾಗಿ ಜೋಡಿಸಿ ಬ್ಲಾಕ್ ಮಾಡುವ ಸರ್ವರ್) ಎಲ್ಲವೂ ನಮ್ಮ ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಖಾತೆಯಲ್ಲೇ ಓಡುತ್ತಿದ್ದವು. ನಿಜವಾದ ವಹಿವಾಟು ಶುರು ಮಾಡೋಣ ಅಂದಾಗ ಉಳಿದವರು ಒಪ್ಪುತ್ತಿಲ್ಲ. ನಮ್ಮ ಪೀರ್ ನಮ್ಮ ಕ್ಲೌಡ್‌ನಲ್ಲೇ ಇರಬೇಕು ಅನ್ನುತ್ತಾರೆ. ನಾವು ಮತ್ತು ಇನ್ನೊಬ್ಬರು ಎಡಬ್ಲ್ಯೂಎಸ್, ಇಬ್ಬರು ಮೈಕ್ರೋಸಾಫ್ಟ್‌ನ ಅಜೂರ್, ಒಬ್ಬರು ಗೂಗಲ್ ಕ್ಲೌಡ್.

ಕೇಳಬೇಕಾದ್ದು ಇಷ್ಟು. ಎಲ್ಲರ ನಡುವೆ ವಿಪಿಎನ್ (ಖಾಸಗಿ ಸಂಪರ್ಕ) ಹಾಕಲೇಬೇಕಾ? ಮೂರು ಆರ್ಡರರ್ ಸಾಕಾ? ಮೇಲಿನವರು "ಸುಮ್ನೆ ಯಾವುದಾದರೂ ಮ್ಯಾನೇಜ್ಡ್ ಸೇವೆ ತಗೊಳ್ಳಿ, ತಲೆನೋವು ಬೇಡ" ಅನ್ನುತ್ತಿದ್ದಾರೆ, ಅಂದರೆ ಕ್ಲೌಡ್‌ನವರೇ ನಡೆಸಿಕೊಡುವುದು. ಅವರಿಗೆ ಏನು ಹೇಳಲಿ?

ರಾತ್ರಿಪಾಳಿ:
ಮೊದಲು ಕೊನೆಯ ಪ್ರಶ್ನೆ. ಉಳಿದವರು ತೆಗೆದಿರುವ ತಕರಾರು ಸರಿಯಾಗಿದೆ. ಐದು ಪೀರ್ ಇದ್ದರೂ ಖಾತೆಯ ರೂಟ್ ಪಾಸ್‌ವರ್ಡ್ ಒಬ್ಬರ ಹತ್ತಿರ ಇದ್ದರೆ ಅದು ಆ ಒಬ್ಬರ ಡೇಟಾಬೇಸ್ ಅಷ್ಟೇ. ಅದಕ್ಕೆ ಪೋಸ್ಟ್‌ಗ್ರೆಸ್‌ನಂಥ ಮಾಮೂಲಿ ಡೇಟಾಬೇಸ್ ಸಾಕು, ಖರ್ಚೂ ಕಡಿಮೆ.

ಮ್ಯಾನೇಜ್ಡ್ ಸೇವೆಯ ವಿಚಾರಕ್ಕೆ ಬಂದರೆ, ಅಜೂರ್ ಬ್ಲಾಕ್‌ಚೈನ್ ಸರ್ವಿಸ್ ಅನ್ನು ಮೈಕ್ರೋಸಾಫ್ಟ್ 2021ರ ಸೆಪ್ಟೆಂಬರ್ 10ಕ್ಕೆ ಮುಚ್ಚಿತು. ಅದನ್ನೇ ನಂಬಿ ಕಟ್ಟಿದ್ದವರು ಅದೇ ವರ್ಷದ ಮೇ ತಿಂಗಳಲ್ಲಿ ಸುದ್ದಿ ತಿಳಿದು ಗಂಟುಮೂಟೆ ಕಟ್ಟಬೇಕಾಯಿತು. ಅಮೆಜಾನ್ ಮ್ಯಾನೇಜ್ಡ್ ಬ್ಲಾಕ್‌ಚೈನ್ 2019ರಲ್ಲಿ ಫ್ಯಾಬ್ರಿಕ್ ಜೊತೆ ಬಂತು. ಆದರೆ ಅಲ್ಲಿ ಆರ್ಡರಿಂಗ್ ಸೇವೆ ನಡೆಸುವುದು ಅಮೆಜಾನ್. ನಿಮ್ಮ ಅಜೂರ್ ಸದಸ್ಯರಿಗೆ ಅದು ಒಪ್ಪಿಗೆಯಾಗುತ್ತಾ? ನೆಟ್‌ವರ್ಕ್ ಬೇರೆ ಬೇರೆ ಕ್ಲೌಡ್‌ಗಳಲ್ಲಿ ಹರಡುವುದು ನಾವು ಶೋಕಿಗೆ ಮಾಡುವ ಕೆಲಸವಲ್ಲ. ಸದಸ್ಯರು ಮೊದಲೇ ಅಲ್ಲಲ್ಲಿ ಇರುತ್ತಾರೆ, ಅದಕ್ಕೇ ಹರಡುತ್ತದೆ.

ಇನ್ನೊಂದು ಮಾತು. ಟ್ರೇಡ್‌ಲೆನ್ಸ್ (ಹಡಗು ಸಾಗಣೆಯ ಬ್ಲಾಕ್‌ಚೈನ್ ವೇದಿಕೆ) ಮುಚ್ಚುವ ಸುದ್ದಿ 2022ರ ನವೆಂಬರ್‌ನಲ್ಲಿ ಬಂದಾಗ ಮರ್ಸ್ಕ್ ಮತ್ತು ಐಬಿಎಂ ಕೊಟ್ಟ ಕಾರಣ ತಂತ್ರಜ್ಞಾನದ್ದಲ್ಲ. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಅನ್ನುವುದು. ಅದೂ ಫ್ಯಾಬ್ರಿಕ್ ಮೇಲೆಯೇ ಇತ್ತು. ಹಾಗಾಗಿ ಸದಸ್ಯರು ತಕರಾರು ಎತ್ತುತ್ತಿದ್ದಾರೆ ಅಂದರೆ ಬೇಜಾರು ಬೇಡ. ಅವರಿಗೆ ಇದರಲ್ಲಿ ಆಸಕ್ತಿ ಇದೆ ಅಂತ ಅರ್ಥ.

ತಂತಿಜಾಲ:
ವಿಪಿಎನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಐದು ಸಂಸ್ಥೆ ಅಂದರೆ ಜೋಡಿಗೊಂದರಂತೆ 10 ಟನೆಲ್. ಆರನೆಯವರು ಬಂದರೆ 15. ಪ್ರತಿಯೊಂದಕ್ಕೂ ಎರಡೆರಡು ಕಡೆಯ ನೆಟ್‌ವರ್ಕ್ ತಂಡ, ಎರಡು ಕಡೆಯ ಅನುಮತಿ ಪತ್ರ. ಇದರ ಮೇಲೆ ಮೂವರಾದರೂ 10.0.0.0/16 ಅನ್ನುವ ಒಂದೇ ಐಪಿ ವಿಳಾಸಗಳ ಗುಂಪು ಬಳಸಿರುತ್ತಾರೆ. ಐಪಿ ಒಂದರ ಮೇಲೊಂದು ಬಿದ್ದರೆ ಎನ್‌ಎಟಿ (ವಿಳಾಸ ಬದಲಿಸುವ ಏರ್ಪಾಡು) ಹಾಕುತ್ತಾ ಕೂರಬೇಕು.

ಫ್ಯಾಬ್ರಿಕ್‌ನಲ್ಲಿ ಆರ್ಡರರ್‌ಗಳು ತಮ್ಮೊಳಗೆ ಮಾತಾಡುವಾಗ ಎರಡೂ ಕಡೆಯ ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಸರ್ಟಿಫಿಕೇಟ್ ನೋಡಿಯೇ ಮಾತಾಡುತ್ತವೆ. ಪೀರ್‌ಗಳಿಗೂ ಎರಡೂ ಕಡೆಯ ಟಿಎಲ್‌ಎಸ್ ಹಾಕಬಹುದು. ಆದ್ದರಿಂದ ಸಾರ್ವಜನಿಕ ಡಿಎನ್‌ಎಸ್ ಹೆಸರು ಕೊಟ್ಟು, ಯಾವ ಐಪಿಗಳಿಂದ ಬರಬಹುದು ಅಂತ ಫೈರ್‌ವಾಲ್‌ನಲ್ಲಿ ಪಟ್ಟಿ ಹಾಕಿದರೆ ಸಾಕು.

ಆದರೆ ಲೋಡ್ ಬ್ಯಾಲೆನ್ಸರ್ (ಬರುವ ಸಂಪರ್ಕವನ್ನು ಒಳಗಿನ ಸರ್ವರ್‌ಗಳಿಗೆ ದಾಟಿಸುವ ನಡುವಿನ ಪೆಟ್ಟಿಗೆ) ಹತ್ತಿರ ತುಂಬಾ ಜನ ಸಿಕ್ಕಿಬೀಳುತ್ತಾರೆ. ಟಿಎಲ್‌ಎಸ್ ಬಿಚ್ಚಿ ಮತ್ತೆ ಕಟ್ಟುವ ಬಗೆಯ ಲೋಡ್ ಬ್ಯಾಲೆನ್ಸರ್ ಇಟ್ಟರೆ ಆಚೆಯ ಆರ್ಡರರ್‌ನ ಸರ್ಟಿಫಿಕೇಟ್ ಒಳಗೆ ತಲುಪುವುದೇ ಇಲ್ಲ, ರಾಫ್ಟ್ (ಆರ್ಡರರ್‌ಗಳು ಒಮ್ಮತಕ್ಕೆ ಬರುವ ಪದ್ಧತಿ) ಒಟ್ಟಾಗುವುದಿಲ್ಲ. ಬಿಚ್ಚದೆ ಹಾಗೇ ದಾಟಿಸುವ ಬಗೆ ಬೇಕು. ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಆದರೆ ಅದರ ಹೊರಬಾಗಿಲಾದ ಇನ್‌ಗ್ರೆಸ್‌ನಲ್ಲಿ ಟಿಎಲ್‌ಎಸ್ ಪಾಸ್‌ತ್ರೂ ಹಾಕಿ, ಎಸ್‌ಎನ್‌ಐ ಹೆಸರು (ಸಂಪರ್ಕದ ಶುರುವಿನಲ್ಲೇ ಬರುವ ಸರ್ವರ್ ಹೆಸರು) ನೋಡಿ ದಾರಿ ತೋರಿಸುವಂತೆ ಮಾಡಿ. ಆಗ ಎಲ್ಲ ನೋಡ್‌ಗಳನ್ನೂ (ಪೀರ್, ಆರ್ಡರರ್ ಎರಡನ್ನೂ) 443 ಒಂದೇ ಪೋರ್ಟ್‌ನಲ್ಲಿ ಮುಟ್ಟಬಹುದು. ಆರ್ಡರರ್, ಪೀರ್‌ಗಳ 7050, 7051 ತೆರೆಯಿರಿ ಅಂತ ಯಾರ ಭದ್ರತಾ ತಂಡದ ಹತ್ತಿರವೂ ಗೋಗರೆಯಬೇಕಿಲ್ಲ.

ಡಿಎನ್‌ಎಸ್ ಹೆಸರು ಮಾತ್ರ ಸ್ವಂತ ಡೊಮೇನ್‌ನದ್ದೇ ಇರಲಿ. ಆರ್ಡರರ್‌ಗಳ ಹೆಸರು ಚಾನೆಲ್ ಕಾನ್ಫಿಗರೇಶನ್ (ಸದಸ್ಯರು ಸೇರಿ ಒಪ್ಪಿದ ನೆಟ್‌ವರ್ಕ್‌ನ ನಿಯಮಪಟ್ಟಿ) ಒಳಗೆ ಕೂರುತ್ತದೆ. ಅಲ್ಲಿ ಕ್ಲೌಡ್‌ನವರು ಕೊಟ್ಟ ಉದ್ದದ ಹೆಸರು ಹಾಕಿದರೆ, ನಾಳೆ ಜಾಗ ಬದಲಿಸಿದಾಗ ಒಕ್ಕೂಟದ ಸಹಿ ಸಂಗ್ರಹಿಸಬೇಕು. ಸ್ವಂತ ಹೆಸರಾದರೆ ಡಿಎನ್‌ಎಸ್‌ನಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು.

ಕಾವಲುಗಾರ್ತಿ:
ತಂತಿಜಾಲ ಅವರೇ, ತಾಂತ್ರಿಕವಾಗಿ ಒಪ್ಪಿದೆ. ಆದರೆ ಹಣಕಾಸು ಅಥವಾ ಆರೋಗ್ಯ ಕ್ಷೇತ್ರದ ಸದಸ್ಯರಿದ್ದರೆ "ಸಾರ್ವಜನಿಕ ಇಂಟರ್‌ನೆಟ್" ಅಂದ ಕೂಡಲೇ ಆಡಿಟರ್ ಕೆಂಪು ಗೆರೆ ಎಳೆಯುತ್ತಾರೆ. ಅಂಥವರಿಗೆ ಮಾತ್ರ ಒಂದು ಖಾಸಗಿ ದಾರಿ ಮಾಡಿಕೊಡಿ. ಎಲ್ಲರ ಮೇಲೂ ಹೇರಬೇಡಿ.

ಹೊರಗೆ ಕಾಣಬಾರದ್ದು ಏನು ಅನ್ನುವುದೂ ಮುಖ್ಯ. ಪೀರ್ ಈಗಿನ ಸ್ಥಿತಿ ಇಡುವ ಡೇಟಾಬೇಸ್ ಆದ ಕೌಚ್‌ಡಿಬಿಯ 5984 ಪೋರ್ಟ್ ಯಾವ ಕಾರಣಕ್ಕೂ ಹೊರಗೆ ಬರಬಾರದು. ಪೀರ್ ಆ ಸ್ಥಿತಿಯನ್ನೇ ನಂಬಿ ಉತ್ತರ ಕೊಡುತ್ತದೆ. ಅದನ್ನು ಯಾರಾದರೂ ನೇರವಾಗಿ ತಿದ್ದಿದರೆ ಆ ಪೀರ್‌ನ ಎಂಡೋರ್ಸ್‌ಮೆಂಟ್ (ವಹಿವಾಟಿನ ಫಲಿತಾಂಶಕ್ಕೆ ಹಾಕುವ ಸಹಿ) ಉಳಿದವರ ಜೊತೆ ತಾಳೆ ಆಗುವುದಿಲ್ಲ. ಮೆಟ್ರಿಕ್ಸ್ ಕೊಡುವ ಆಪರೇಶನ್ಸ್ ಪೋರ್ಟ್ ಮತ್ತು ಆರ್ಡರರ್‌ನ ಅಡ್ಮಿನ್ ಪೋರ್ಟ್ ಕೂಡ ಒಳಗೇ ಇರಲಿ.

ಸಹಿಯ ಗುಟ್ಟಿನ ಕೀಗಳು ಎಚ್‌ಎಸ್‌ಎಂನಲ್ಲೇ (ಕೀ ಕಾಪಾಡುವ ಪ್ರತ್ಯೇಕ ಯಂತ್ರ) ಇರಬೇಕು ಅನ್ನುವ ಸದಸ್ಯರಿದ್ದರೆ ಈಗಲೇ ಕೇಳಿಕೊಳ್ಳಿ. ಫ್ಯಾಬ್ರಿಕ್ ಪಿಕೆಸಿಎಸ್ 11 ಅನ್ನುವ ಮಾನದಂಡದ ಮೂಲಕ ಎಚ್‌ಎಸ್‌ಎಂ ಜೊತೆ ಮಾತಾಡುತ್ತದೆ. ಆದರೆ ಸಿದ್ಧವಾಗಿ ಸಿಗುವ ಡಾಕರ್ ಇಮೇಜ್‌ಗಳಲ್ಲಿ ಅದು ಸೇರಿರುವುದಿಲ್ಲ, ನೀವೇ ಬಿಲ್ಡ್ ಮಾಡಬೇಕು.

ಹೊಸಗಂಟು:
ಸೂಪರ್. ಒಂದು ಅನುಮಾನ. ಪ್ರಯೋಗಕ್ಕೆ ಅಂತ ಅಜೂರ್‌ನಲ್ಲಿ ಒಂದು ಪೀರ್ ಎಬ್ಬಿಸಿದೆ. ಬ್ಲಾಕ್‌ಗಳು ಸರಿಯಾಗಿ ಬರುತ್ತಿವೆ. ಆದರೆ ಅದರಿಂದ ಈವೆಂಟ್ ಕೇಳಿಸಿಕೊಳ್ಳುವ ನಮ್ಮ ಅಪ್ಲಿಕೇಶನ್ ಮಾತ್ರ ರಾತ್ರಿ ವಹಿವಾಟು ಇಲ್ಲದ ಹೊತ್ತಲ್ಲಿ ಸುಮ್ಮನಾಗಿಬಿಡುತ್ತದೆ. ಎರರ್ ಕೂಡ ಇಲ್ಲ. ರೀಸ್ಟಾರ್ಟ್ ಮಾಡಿದರೆ ಸರಿ.

ತಂತಿಜಾಲ:
ಇದು ಲೋಡ್ ಬ್ಯಾಲೆನ್ಸರ್‌ನ ಕೆಲಸ. ಅಜೂರ್ ಲೋಡ್ ಬ್ಯಾಲೆನ್ಸರ್ ಮಾತುಕತೆ ಇಲ್ಲದ ಟಿಸಿಪಿ ಸಂಪರ್ಕವನ್ನು ಡೀಫಾಲ್ಟ್ ಆಗಿ 4 ನಿಮಿಷಕ್ಕೆ ಮರೆತುಬಿಡುತ್ತದೆ. ಎಡಬ್ಲ್ಯೂಎಸ್‌ನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್‌ಗೆ ಅದು 350 ಸೆಕೆಂಡ್. ಈವೆಂಟ್ ಸ್ಟ್ರೀಮ್ ಅಂದರೆ ದಿನಗಟ್ಟಲೆ ತೆರೆದಿರುವ ಜಿಆರ್‌ಪಿಸಿ ಸಂಪರ್ಕ. ರಾತ್ರಿ ಬ್ಲಾಕ್ ಬರಲಿಲ್ಲ, ನಡುವಿನ ಪೆಟ್ಟಿಗೆ ಸಂಪರ್ಕ ಕೈಬಿಟ್ಟಿತು. ನಿಮ್ಮ ಅಪ್ಲಿಕೇಶನ್‌ಗೆ ಅದು ಗೊತ್ತಾಗಲಿಲ್ಲ.

ಪೀರ್ ಮತ್ತು ಆರ್ಡರರ್ ನಡುವೆ ಈ ಕಷ್ಟ ಬರದಿರುವುದಕ್ಕೆ ಕಾರಣ, ಪೀರ್ ತನ್ನ ಕಡೆಯಿಂದ 60 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ ಪಿಂಗ್ (ಸಂಪರ್ಕ ಜೀವಂತ ಇಡುವ ಪುಟ್ಟ ಸಂದೇಶ) ಕಳಿಸುತ್ತದೆ. ನಿಮ್ಮ ಅಪ್ಲಿಕೇಶನ್‌ನ ಜಿಆರ್‌ಪಿಸಿ ಕ್ಲೈಂಟ್‌ನಲ್ಲೂ ಅದನ್ನು ಹಾಕಿ. 60ಕ್ಕಿಂತ ಚಿಕ್ಕದು ಹಾಕಬೇಡಿ. ಪೀರ್‌ನಲ್ಲಿ ಕನಿಷ್ಠ ಅಂತರ 60 ಸೆಕೆಂಡ್ ಅಂತ ಇದೆ. ಅದಕ್ಕಿಂತ ಬೇಗ ಬೇಗ ತಟ್ಟಿದರೆ "ಟೂ ಮೆನಿ ಪಿಂಗ್ಸ್" ಅಂತ ಅದೇ ಸಂಪರ್ಕ ಮುರಿಯುತ್ತದೆ. ನಾನು 120 ಇಡುತ್ತೇನೆ. ಜೊತೆಗೆ ಕೊನೆಗೆ ಓದಿದ ಬ್ಲಾಕ್ ಯಾವುದು ಅಂತ ಚೆಕ್‌ಪಾಯಿಂಟ್ ಬರೆದಿಡಿ. ಸಂಪರ್ಕ ಮುರಿದರೂ ಈವೆಂಟ್ ಕಳೆದುಹೋಗುವುದಿಲ್ಲ.

ಬಹುಮತ:
ಆರ್ಡರರ್ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಲ್ಲ, ನಾನು ಹೇಳುತ್ತೇನೆ. ನನ್ನ ಪ್ರಕಾರ ಇಡೀ ಚರ್ಚೆಯ ತಿರುಳು ಇದೇ.

2.5ರಲ್ಲಿ ರಾಫ್ಟ್. ಅರ್ಧಕ್ಕಿಂತ ಜಾಸ್ತಿ ನೋಡ್‌ಗಳು ಎದ್ದಿದ್ದರೆ ಬ್ಲಾಕ್ ಬರುತ್ತದೆ. ಮೂರಿದ್ದರೆ ಒಂದು ಬೀಳಬಹುದು, ಐದಿದ್ದರೆ ಎರಡು. ಈಗ ಒಂದಿಡೀ ಕ್ಲೌಡ್ ಬಿದ್ದರೂ ನಡೆಯಬೇಕು ಅಂದುಕೊಳ್ಳಿ. ಎರಡೇ ಕ್ಲೌಡ್ ಇದ್ದರೆ ಹೇಗೆ ಹಂಚಿದರೂ ಆಗುವುದಿಲ್ಲ. 3-2 ಅಂತ ಇಟ್ಟರೆ, ಮೂರಿರುವ ಕಡೆ ಬಿದ್ದ ಕೂಡಲೇ ನಿಂತಿತು. ಎರಡು ಕ್ಲೌಡ್‌ನಲ್ಲಿ ಇಟ್ಟಿದ್ದೇವೆ, ಭದ್ರವಾಗಿದೆ ಅನ್ನುವವರು ಈ ಲೆಕ್ಕ ಮಾಡಿರುವುದಿಲ್ಲ. ಮೂರನೆಯ ಜಾಗ ಬೇಕೇ ಬೇಕು, ಅದು ಯಾರದ್ದಾದರೂ ಸ್ವಂತ ಡೇಟಾ ಸೆಂಟರ್ ಆದರೂ ಸರಿ.

ನಿಮ್ಮ ಅದೃಷ್ಟಕ್ಕೆ ಸದಸ್ಯರ ಹಂಚಿಕೆಯೇ 2-2-1. ಪ್ರತಿಯೊಬ್ಬರೂ ತಮ್ಮ ಕ್ಲೌಡ್‌ನಲ್ಲಿ ಒಂದೊಂದು ಆರ್ಡರರ್ ನಡೆಸಲಿ. ಎಡಬ್ಲ್ಯೂಎಸ್ ಪೂರ್ತಿ ಹೋದರೂ ಮೂರು ಉಳಿಯುತ್ತವೆ, ಐದರಲ್ಲಿ ಮೂರು ಬಹುಮತ. ಆದರೆ ಆ ಹೊತ್ತಿಗೆ ಅಜೂರ್‌ನಲ್ಲಿ ಯಾರಾದರೂ ಅಪ್‌ಗ್ರೇಡ್ ಅಂತ ತಮ್ಮ ಆರ್ಡರರ್ ಇಳಿಸಿದ್ದರೆ ಎರಡೇ ಉಳಿದವು, ನಿಂತಿತು. ಅಂದರೆ ಯಾರ ನಿರ್ವಹಣೆ ಯಾವ ಹೊತ್ತು ಅನ್ನುವ ಕ್ಯಾಲೆಂಡರ್ ಐವರಿಗೂ ಒಂದೇ ಇರಬೇಕು.

ಎಂಡೋರ್ಸ್‌ಮೆಂಟ್ ನಿಯಮವನ್ನೂ ಇದೇ ಕಣ್ಣಿಂದ ನೋಡಿ. ಬಹುಮತ ಸಾಕು ಅಂತ ಇದ್ದರೆ ಐದರಲ್ಲಿ ಮೂರು ಸಂಸ್ಥೆಗಳ ಪೀರ್ ಸಾಕು. ಐವರೂ ಸಹಿ ಹಾಕಲೇಬೇಕು ಅಂತ ಚೈನ್‌ಕೋಡ್‌ಗೆ (ವಹಿವಾಟು ನಡೆಸುವ ಪ್ರೋಗ್ರಾಮ್) ನಿಯಮ ಬರೆದಿದ್ದರೆ, ಆರ್ಡರರ್ ಎಷ್ಟೇ ಚೆನ್ನಾಗಿ ಹರಡಿದ್ದರೂ ಒಂದು ಕ್ಲೌಡ್ ಬಿದ್ದ ದಿನ ಒಂದು ವಹಿವಾಟೂ ದಾಟುವುದಿಲ್ಲ.

ಕ್ಲೌಡ್‌ಗಳ ನಡುವೆ ನಿಧಾನ ಆಗುತ್ತೆ ಅಂತ ಚಿಂತೆ ಬೇಡ. ರಾಫ್ಟ್‌ನಲ್ಲಿ ಹೊಸ ಲೀಡರ್ ಆರಿಸುವ ಚುನಾವಣೆಯ ಗಡುವು ಡೀಫಾಲ್ಟ್ ಆಗಿ 500 ಮಿಲಿಸೆಕೆಂಡಿನ 10 ಟಿಕ್, ಅಂದರೆ 5 ಸೆಕೆಂಡ್. ಪಕ್ಕದ ಪ್ರದೇಶಗಳ ನಡುವಿನ ಕೆಲವೇ ಹತ್ತು ಮಿಲಿಸೆಕೆಂಡ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬ್ಯಾಚ್ ಟೈಮ್‌ಔಟ್ (ಬ್ಲಾಕ್ ತುಂಬಲಿ ಅಂತ ಕಾಯುವ ಹೊತ್ತು) 2 ಸೆಕೆಂಡ್ ಇಟ್ಟುಕೊಂಡು ನೆಟ್‌ವರ್ಕ್‌ನ ಮಿಲಿಸೆಕೆಂಡ್ ಎಣಿಸುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಅಡ್ಡಪ್ರಶ್ನೆ:
ಬಹುಮತ ಸರ್, ರಾಫ್ಟ್ ಬರೀ ಬಿದ್ದ ನೋಡ್ ಸಹಿಸುತ್ತದೆ. ಮೋಸ ಮಾಡುವ ನೋಡ್ ಸಹಿಸುವುದಿಲ್ಲ. ಐದು ಬೇರೆ ಬೇರೆ ಸಂಸ್ಥೆಗಳು ಆರ್ಡರರ್ ನಡೆಸುವಾಗ 2024ರಲ್ಲಿ ಬಂದ ಫ್ಯಾಬ್ರಿಕ್ 3.0ಗೆ ಹೋಗಿ ಬಿಎಫ್‌ಟಿ (ಮೋಸದ ನೋಡ್ ಕೂಡ ಸಹಿಸುವ ಒಮ್ಮತ ಪದ್ಧತಿ) ತಗೊಳ್ಳುವುದು ಸರಿಯಲ್ಲವೇ?

ಬಹುಮತ:
ಒಳ್ಳೆಯ ಪ್ರಶ್ನೆ. ಹೋಗಬಹುದು. ಆದರೆ ಕ್ಲೌಡ್ ಲೆಕ್ಕ ಆಗ ಬೇರೆಯಾಗುತ್ತದೆ. ಬಿಎಫ್‌ಟಿಯಲ್ಲಿ ಒಂದು ಕೆಟ್ಟ ನೋಡ್ ಸಹಿಸಲು ನಾಲ್ಕು ಬೇಕು, ಎರಡಕ್ಕೆ ಏಳು. ಐದೇ ಇದ್ದರೆ ಒಂದನ್ನು ಮಾತ್ರ ಸಹಿಸುತ್ತದೆ. ಆಗ ನಿಮ್ಮ 2-2-1ರಲ್ಲಿ ಎಡಬ್ಲ್ಯೂಎಸ್ ಬಿದ್ದರೆ ಎರಡು ಹೋದವು, ನೆಟ್‌ವರ್ಕ್ ನಿಂತಿತು. ಮೋಸದ ವಿರುದ್ಧ ಗಟ್ಟಿಯಾದಿರಿ, ಕ್ಲೌಡ್ ಬೀಳುವುದರ ವಿರುದ್ಧ ಮೆತ್ತಗಾದಿರಿ.

ಇದರಲ್ಲಿ ಒಂದು ತಮಾಷೆ ಇದೆ. ಹೈಪರ್‌ಲೆಡ್ಜರ್ ಬೆಸು ಅನ್ನುವ ಇನ್ನೊಂದು ಬ್ಲಾಕ್‌ಚೈನ್ ತಂತ್ರಾಂಶದ ಕ್ಯೂಬಿಎಫ್‌ಟಿ ತಗೊಳ್ಳಿ, ಲೆಕ್ಕ ಸುಲಭ. ಅಲ್ಲಿ ವ್ಯಾಲಿಡೇಟರ್‌ಗಳಲ್ಲಿ (ಬ್ಲಾಕ್ ಒಪ್ಪುವ ನೋಡ್‌ಗಳು) ಮೂರನೇ ಎರಡು ಭಾಗ ಅಥವಾ ಅದಕ್ಕಿಂತ ಜಾಸ್ತಿ ಒಪ್ಪಬೇಕು. ಮೂರು ಕ್ಲೌಡ್‌ನಲ್ಲಿ ಏಳು ವ್ಯಾಲಿಡೇಟರ್ ಅನ್ನು 3-2-2 ಅಂತ ಇಟ್ಟರೆ, ಮೂರಿರುವ ಕ್ಲೌಡ್ ಬಿದ್ದಾಗ ಉಳಿದದ್ದು ನಾಲ್ಕು. ಬೇಕಾದದ್ದು ಐದು. ನಿಂತಿತು. ಅದೇ ಆರನ್ನು 2-2-2 ಇಟ್ಟರೆ, ಯಾವ ಕ್ಲೌಡ್ ಬಿದ್ದರೂ ಉಳಿದದ್ದು ನಾಲ್ಕು, ಬೇಕಾದದ್ದೂ ನಾಲ್ಕು. ನಡೆಯುತ್ತದೆ! ಒಂದು ನೋಡ್ ಜಾಸ್ತಿ ಸೇರಿಸಿದ್ದಕ್ಕೇ ಕೆಲಸ ಕೆಡುತ್ತದೆ. ಆದರೆ ಆರರಲ್ಲೂ ಆ ಹೊತ್ತಿಗೆ ಉಳಿದ ನಾಲ್ಕೂ ನೆಟ್ಟಗೆ ನಡೆದುಕೊಳ್ಳಬೇಕು, ಒಂದು ಕೆಮ್ಮಿದರೂ ಮುಗಿಯಿತು. ಕ್ಲೌಡೂ ಬೀಳಬಹುದು, ಒಬ್ಬ ಸದಸ್ಯನೂ ಕೈಕೊಡಬಹುದು, ಎರಡನ್ನೂ ಒಟ್ಟಿಗೆ ತಡೆಯಬೇಕು ಅಂದರೆ ಮೂರು ಜಾಗ ಸಾಲುವುದಿಲ್ಲ.

ಪರಸ್ಪರ ಒಪ್ಪಂದ ಇರುವ, ಹೆಸರು ವಿಳಾಸ ಗೊತ್ತಿರುವ ಐದು ಸಂಸ್ಥೆಗಳ ನಡುವೆ ನಾನು ಸದ್ಯಕ್ಕೆ ರಾಫ್ಟ್‌ನಲ್ಲೇ ಉಳಿಯುತ್ತೇನೆ.

ರಾತ್ರಿಪಾಳಿ:
ಇಲ್ಲಿ ಒಂದು ಮಾತು ಸೇರಿಸುತ್ತೇನೆ. "ಕ್ಲೌಡ್ ಬೀಳುವುದು" ಅಂದರೆ ಏನು ಅನ್ನುವುದನ್ನೂ ಬಿಡಿಸಿ ನೋಡಬೇಕು. 2025ರ ಅಕ್ಟೋಬರ್ 20ರಂದು ಎಡಬ್ಲ್ಯೂಎಸ್‌ನಲ್ಲಿ ಆದದ್ದು ಮುಖ್ಯವಾಗಿ ಒಂದು ಪ್ರದೇಶದ್ದು, ಯುಎಸ್ ಈಸ್ಟ್ 1. ಡೈನಮೋಡಿಬಿ ಡೇಟಾಬೇಸ್ ಸೇವೆಯ ಡಿಎನ್‌ಎಸ್ ಕೆಟ್ಟು ಅದರ ಮೇಲೆ ನಿಂತದ್ದೆಲ್ಲ ನರಳಿತು. ಅಂಥದ್ದಕ್ಕೆ ಅದೇ ಕ್ಲೌಡ್‌ನ ಬೇರೆ ಪ್ರದೇಶವೂ ಸಾಕಾಗಬಹುದಿತ್ತು. ಆದರೆ ಅದೇ ವರ್ಷ ಜೂನ್ 12ರಂದು ಗೂಗಲ್ ಕ್ಲೌಡ್‌ನಲ್ಲಿ ಆದದ್ದು ಹಾಗಲ್ಲ. ಒಂದು ತಪ್ಪು ಪಾಲಿಸಿ ದತ್ತಾಂಶ ಎಲ್ಲ ಪ್ರದೇಶಗಳಿಗೂ ಒಟ್ಟಿಗೆ ಹರಡಿ ಎಪಿಐಗಳು 503 ಎರರ್ ಕೊಟ್ಟವು. ಇಂಥದ್ದನ್ನು ಪ್ರದೇಶ ಬದಲಿಸಿ ತಪ್ಪಿಸಿಕೊಳ್ಳಲಾಗದು.

ಎಡಬ್ಲ್ಯೂಎಸ್‌ನಲ್ಲಿರುವ ನಿಮ್ಮ ಇಬ್ಬರು ಸದಸ್ಯರಾದರೂ ಬೇರೆ ಬೇರೆ ಪ್ರದೇಶ ಆರಿಸಿಕೊಳ್ಳಲಿ. ಪುಕ್ಕಟೆ ಲಾಭ.

ಲೆಕ್ಕದಪುಸ್ತಕ:
ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಕ್ಲೌಡ್ ಒಳಗೆ ಬರುವ ಡೇಟಾಗೆ ಸಾಮಾನ್ಯವಾಗಿ ಶುಲ್ಕ ಇಲ್ಲ, ಹೊರಗೆ ಹೋಗುವುದಕ್ಕೆ ಇದೆ. 2024ರಲ್ಲಿ ಗೂಗಲ್, ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್ ಮೂವರೂ ಈ ಶುಲ್ಕ ತೆಗೆದರು ಅಂತ ಸುದ್ದಿ ಓದಿ ಕೆಲವರು ನಿರಾಳರಾಗಿದ್ದಾರೆ. ಅದು ಆ ಕ್ಲೌಡ್ ಬಿಟ್ಟು ಹೋಗುವವರಿಗೆ ಮಾತ್ರ. ದಿನಾ ಕ್ಲೌಡ್‌ನಿಂದ ಕ್ಲೌಡ್‌ಗೆ ಬ್ಲಾಕ್ ಕಳಿಸುತ್ತಾ ಇರುವವರಿಗೆ ಅದು ಅನ್ವಯಿಸುವುದಿಲ್ಲ.

ಫ್ಯಾಬ್ರಿಕ್‌ನಲ್ಲಿ ಗಮನಿಸಬೇಕಾದ್ದು, 2.2ರಿಂದ ಈಚೆಗೆ ಡೀಫಾಲ್ಟ್ ಆಗಿ ಪ್ರತಿ ಪೀರ್ ಕೂಡ ತಾನೇ ಆರ್ಡರರ್ ಹತ್ತಿರ ಹೋಗಿ ಬ್ಲಾಕ್ ತರುತ್ತದೆ. ಒಂದು ಸಂಸ್ಥೆಗೆ ಮೂರು ಪೀರ್ ಇದ್ದು, ಆರ್ಡರರ್ ಆಚೆ ಕ್ಲೌಡ್‌ನಲ್ಲಿ ಸಿಕ್ಕರೆ ಅದೇ ಬ್ಲಾಕ್ ಮೂರು ಸಲ ಗಡಿ ದಾಟುತ್ತದೆ. ಬ್ಲಾಕ್‌ಗಳು ದೊಡ್ಡದಿದ್ದರೆ ಒಂದೇ ಪೀರ್ ಹೊರಗಿಂದ ತಂದು ಉಳಿದವಕ್ಕೆ ಗಾಸಿಪ್‌ನಲ್ಲಿ (ಪೀರ್‌ನಿಂದ ಪೀರ್‌ಗೆ) ಹಂಚುವಂತೆ ಹಳೆಯ ಪದ್ಧತಿಗೆ ತಿರುಗಿಸಬಹುದು. ಚಿಕ್ಕ ನೆಟ್‌ವರ್ಕ್‌ಗೆ ಅದರ ಗೋಜು ಬೇಡ.

ಹೊಸ ಪೀರ್ ಸೇರಿಸುವಾಗ ಮೊದಲ ಬ್ಲಾಕ್‌ನಿಂದ ಎಳೆಯಬೇಡಿ. 2.3ರಿಂದ ಲೆಡ್ಜರ್ ಸ್ನ್ಯಾಪ್‌ಶಾಟ್ ಇದೆ, ಅದರಿಂದ ಸೇರಿಸಿ. ಇನ್ನು ಐದೂ ಸಂಸ್ಥೆಗಳ ಲಾಗ್‌ಗಳನ್ನು ಒಂದೇ ಕಡೆ ತಂದು ಸುರಿಯುವ ಆಸೆ ಬೇಡ. ಡೀಬಗ್ ಮಟ್ಟದ ಲಾಗ್ ಬ್ಲಾಕ್‌ಗಳಿಗಿಂತ ಜಾಸ್ತಿ ಬಿಲ್ ತರುತ್ತದೆ.

ಚೈನ್‌ಕೋಡಿಗ:
ಪೀರ್ ಕುಬರ್ನೆಟಿಸ್ ಮೇಲೆ ಇದ್ದರೆ ಇದನ್ನೂ ನೋಡಿಕೊಳ್ಳಿ. ಹಳೆಯ ಮಾದರಿಯಲ್ಲಿ ಪೀರ್ ನೇರವಾಗಿ ಡಾಕರ್ ಸಾಕೆಟ್ ಹಿಡಿದು ಚೈನ್‌ಕೋಡ್ ಕಂಟೇನರ್ ಎಬ್ಬಿಸುತ್ತಿತ್ತು. 2022ರಲ್ಲಿ ಕುಬರ್ನೆಟಿಸ್ 1.24 ಡಾಕರ್‌ಶಿಮ್ (ಡಾಕರ್ ಜೊತೆಗಿನ ಕೊಂಡಿ) ತೆಗೆದ ಮೇಲೆ ಮ್ಯಾನೇಜ್ಡ್ ಕ್ಲಸ್ಟರ್‌ಗಳಲ್ಲಿ ಆ ದಾರಿ ಮುಚ್ಚಿದಂತೆಯೇ. ಚೈನ್‌ಕೋಡ್ ಅನ್ನು ಪ್ರತ್ಯೇಕ ಸೇವೆಯಾಗಿ ಓಡಿಸಿ. ಅದಕ್ಕೆ ಬೇಕಾದ ಬಿಲ್ಡರ್ 2.4.1ರಿಂದ ಪೀರ್ ಜೊತೆಗೇ ಬರುತ್ತದೆ.

ಐದು ಕಡೆ ಐದು ತಂಡ ಇಮೇಜ್ ಓಡಿಸುವಾಗ ಒಬ್ಬರು ಹಳೆಯದು, ಒಬ್ಬರು ಹೊಸದು ಇಟ್ಟಿರುತ್ತಾರೆ. ಆಗ ಎಂಡೋರ್ಸ್‌ಮೆಂಟ್ ಫಲಿತಾಂಶ ಬೇರೆ ಬೇರೆ ಬಂದು ವಹಿವಾಟು ತಿರಸ್ಕಾರವಾಗುತ್ತದೆ. ಇಮೇಜ್ ಅನ್ನು ಟ್ಯಾಗ್‌ನಿಂದಲ್ಲ, ಡೈಜೆಸ್ಟ್‌ನಿಂದ (ಇಮೇಜ್‌ನ ಒಳಗಿನದ್ದರಿಂದಲೇ ಬರುವ ಗುರುತು) ಗುರುತಿಸಿ ಒಪ್ಪಿಕೊಳ್ಳಿ. ಚೈನ್‌ಕೋಡ್ ಒಳಗೆ ಸರ್ವರ್‌ನ ಗಡಿಯಾರ ನೋಡುವುದು, ಹೊರಗಿನ ಎಪಿಐ ಕರೆಯುವುದು ಮಾಡಿದ್ದರೆ ಈಗಲೇ ತೆಗೆಯಿರಿ. ಎಲ್ಲವೂ ಒಂದೇ ಯಂತ್ರದಲ್ಲಿದ್ದಾಗ ಅದು ಬಚ್ಚಿಟ್ಟುಕೊಂಡಿರುತ್ತದೆ, ಮೂರು ಕ್ಲೌಡ್‌ಗೆ ಹೋದ ಮೊದಲ ವಾರ ಹೊರಗೆ ಬರುತ್ತದೆ.

ಕಾವಲುಗಾರ್ತಿ:
ಎಲ್ಲರೂ ಕ್ಲೌಡ್ ಬೀಳುವ ಬಗ್ಗೆಯೇ ಮಾತಾಡುತ್ತಿದ್ದೀರಿ. ಇಂಥ ನೆಟ್‌ವರ್ಕ್‌ಗಳನ್ನು ನಿಜವಾಗಿ ಮಲಗಿಸುವುದು ಸರ್ಟಿಫಿಕೇಟ್. ಫ್ಯಾಬ್ರಿಕ್ ಸಿಎ ಕೊಡುವ ಸರ್ಟಿಫಿಕೇಟ್‌ನ ಅವಧಿ ಡೀಫಾಲ್ಟ್ ಆಗಿ 8760 ಗಂಟೆ, ಅಂದರೆ ಒಂದು ವರ್ಷ. ಉದ್ಘಾಟನೆಯ ದಿನ ಐದೂ ತಂಡ ಒಟ್ಟಿಗೆ ಕೂತು ಎನ್‌ರೋಲ್ ಮಾಡಿದರೆ, ಮುಂದಿನ ವರ್ಷ ಅದೇ ದಿನ ಐದೂ ಆರ್ಡರರ್‌ಗಳ ಟಿಎಲ್‌ಎಸ್ ಒಟ್ಟಿಗೆ ಮುಗಿಯುತ್ತದೆ. ಮೂರು ಕ್ಲೌಡ್‌ಗೆ ಹರಡಿ ಏನು ಬಂತು?

ಆರ್ಡರರ್‌ನ ಟಿಎಲ್‌ಎಸ್ ಸರ್ಟಿಫಿಕೇಟ್ ಚಾನೆಲ್ ಕಾನ್ಫಿಗರೇಶನ್ ಒಳಗೂ ಇರುತ್ತದೆ. ಬದಲಿಸುವಾಗ ಒಂದು ಸಲಕ್ಕೆ ಒಂದೇ ನೋಡ್. ಅದು ಮತ್ತೆ ಗುಂಪು ಸೇರಿ ಬ್ಲಾಕ್ ಹಿಡಿಯಿತು ಅಂತ ನೋಡಿಕೊಂಡ ಮೇಲೆ ಮುಂದಿನದು. ಕಾನ್ಫಿಗರೇಶನ್ ತಿದ್ದಲು ಸಾಮಾನ್ಯವಾಗಿ ಆರ್ಡರರ್ ಸಂಸ್ಥೆಗಳ ಅಡ್ಮಿನ್‌ಗಳಲ್ಲಿ ಬಹುಮತದ ಸಹಿ ಬೇಕು. ಮೂರು ಸಂಸ್ಥೆಗಳ ಅಡ್ಮಿನ್‌ಗಳನ್ನು ಒಂದೇ ಹೊತ್ತಿಗೆ ಹಿಡಿಯುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು. ಅವಧಿ ಮುಗಿಯುವ ತಾರೀಖುಗಳನ್ನು ಬೇಕಂತಲೇ ಬೇರೆ ಬೇರೆ ತಿಂಗಳಿಗೆ ಹರಡಿ. ಎಚ್ಚರಿಕೆ ಸಂದೇಶ ನೋಡ್‌ನ ಒಡೆಯರಿಗೆ ಮಾತ್ರ ಹೋದರೆ ಸಾಲದು, ಐವರಿಗೂ ಹೋಗಲಿ. ಒಬ್ಬರ ಸರ್ಟಿಫಿಕೇಟ್ ಮುಗಿದರೆ ಎಲ್ಲರ ಬಹುಮತ ಕರಗುತ್ತದೆ.

ಹೊಸಗಂಟು:
ಎಲ್ಲರಿಗೂ ವಂದನೆ. ಇದನ್ನೆಲ್ಲ ಹಿಡಿದು ಒಕ್ಕೂಟದ ಮುಂದೆ ಹೋಗುತ್ತೇನೆ. ವಿಪಿಎನ್ ಬಿಟ್ಟು ಪಾಸ್‌ತ್ರೂ, ತಲಾ ಒಂದು ಆರ್ಡರರ್, ರಾಫ್ಟ್, ಬಹುಮತದ ಎಂಡೋರ್ಸ್‌ಮೆಂಟ್, ನಿರ್ವಹಣೆಗೆ ಒಂದೇ ಕ್ಯಾಲೆಂಡರ್. ಕೀಪ್‌ಅಲೈವ್ 120 ಹಾಕಿದೆ, ಈವೆಂಟ್ ನಿಂತಿಲ್ಲ. ಕೊನೆಯ ಒಂದು ಪ್ರಶ್ನೆ. ಮುಂದೆ ಆವೃತ್ತಿ ಏರಿಸುವಾಗ ಐವರೂ ಒಂದೇ ದಿನ ಮಾಡಬೇಕಾ? ಅದು ಆಗುವ ಮಾತಲ್ಲ.

ಚೈನ್‌ಕೋಡಿಗ:
ಬೇಕಿಲ್ಲ. ಬೈನರಿಯನ್ನು ಒಬ್ಬೊಬ್ಬರಾಗಿ, ಒಂದೊಂದೇ ನೋಡ್ ಏರಿಸಬಹುದು. ಹೊಸ ಬೈನರಿ ಹಳೆಯ ನಿಯಮದಲ್ಲೇ ನಡೆಯುತ್ತಿರುತ್ತದೆ. ಹೊಸ ವರ್ತನೆ ಶುರುವಾಗುವುದು ಚಾನೆಲ್‌ನಲ್ಲಿ ಕೇಪಬಿಲಿಟಿ ಮಟ್ಟ (ಯಾವ ಆವೃತ್ತಿಯ ನಿಯಮ ಅನ್ನುವ ಗುರುತು) ಏರಿಸಿದಾಗ. ಅದನ್ನು ಮಾತ್ರ ಐವರ ಪೀರ್‌ಗಳೂ ಏರಿವೆ ಅಂತ ಬರವಣಿಗೆಯಲ್ಲಿ ಖಚಿತವಾದ ಮೇಲೆ ಮಾಡಿ. ಯಾರದ್ದಾದರೂ ಹಳೆಯ ಪೀರ್ ಉಳಿದಿದ್ದರೆ, ತನಗೆ ಗೊತ್ತಿಲ್ಲದ ಕೇಪಬಿಲಿಟಿ ಕಂಡ ಕೂಡಲೇ ಅದು ನಿಂತುಬಿಡುತ್ತದೆ. ತಪ್ಪು ಲೆಡ್ಜರ್ ಬರೆಯುವುದಕ್ಕಿಂತ ನಿಲ್ಲುವುದೇ ಮೇಲು ಅಂತ ಬೇಕಂತಲೇ ಹಾಗೆ ಮಾಡಿದ್ದಾರೆ.

ಬಹುಮತ:
ಒಂದು ಸೇರಿಸಿ. ಉದ್ಘಾಟನೆಗೆ ಮುಂಚೆ ಟೆಸ್ಟ್ ನೆಟ್‌ವರ್ಕ್‌ನಲ್ಲಿ ಒಂದು ಕ್ಲೌಡ್‌ನ ಫೈರ್‌ವಾಲ್ ಪೂರ್ತಿ ಮುಚ್ಚಿ ನೋಡಿ. ಪ್ರತಿ ಕ್ಲೌಡ್‌ಗೂ ಒಂದೊಂದು ಸಲ. ಮೆಟ್ರಿಕ್ಸ್ ಸಂಗ್ರಹಿಸುವ ಪ್ರೊಮೀಥಿಯಸ್‌ನಲ್ಲಿ ರಾಫ್ಟ್‌ನ ಲೀಡರ್ ಬದಲಾವಣೆಯ ಎಣಿಕೆ ಬರುತ್ತದೆ, ಅದರ ಮೇಲೆ ಕಣ್ಣಿಡಿ. ಲೀಡರ್ ಬದಲಾಗಿ ಬ್ಲಾಕ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ, ಸದಸ್ಯರ ಸಭೆಯಲ್ಲಿ ಮೊದಲು ಅದನ್ನೇ ಕೇಳುತ್ತಾರೆ.